ಕೀಮೋ ಮುಗಿದ ಮೇಲೆ ಮೂಡುವ ಹಲ್ಲು
ಕ್ಯಾನ್ಸರ್ ಗೆದ್ದ ಮಕ್ಕಳ ಬಾಯಿಯ ಬಗ್ಗೆ ಹೆತ್ತವರು ತಿಳಿದಿರಬೇಕಾದದ್ದು

ಎರಡು ಮೂರು ವರ್ಷದ ಮಗುವಿಗೆ ಬ್ಲಡ್ ಕ್ಯಾನ್ಸರ್ ಎಂದು ಗೊತ್ತಾದಾಗ ಹೆತ್ತವರಿಗೆ ಇರುವುದು ಒಂದೇ ಚಿಂತೆ: ಮಗು ಉಳಿಯಬೇಕು. ವರ್ಷಗಟ್ಟಲೆ ಆಸ್ಪತ್ರೆಗೆ ಅಲೆದು, ಸೂಜಿ, ಡ್ರಿಪ್, ರಕ್ತಪರೀಕ್ಷೆಗಳನ್ನೆಲ್ಲ ದಾಟಿ ಮಗು ಶಾಲೆಗೆ ಸೇರುತ್ತದೆ. ಉದುರಿದ ಕೂದಲು ಮತ್ತೆ ಬೆಳೆಯುತ್ತದೆ, ಮೈ ತುಂಬಿಕೊಳ್ಳುತ್ತದೆ. ಎಂಟು ಹತ್ತು ವರ್ಷವಾಗುವ ಹೊತ್ತಿಗೆ ಬಾಯಲ್ಲಿ ಏನೋ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಒಂದು ಹಲ್ಲು ತೀರಾ ಸಣ್ಣದು, ಇನ್ನೊಂದರ ಮೇಲೆ ಒರಟು ಗುಳಿ, ಬರಬೇಕಾದ ಇನ್ನೊಂದು ಬರುವುದೇ ಇಲ್ಲ. ಎಕ್ಸ್‌ರೇ ತೆಗೆಸಿದರೆ ಹಲ್ಲಿನ ಬೇರುಗಳು ಗಿಡ್ಡವಾಗಿ, ತುದಿ ಚೂಪಾಗಿ ಕಾಣುತ್ತವೆ.

ಆಗ ಬಹಳಷ್ಟು ತಾಯಂದಿರು ತಮ್ಮನ್ನೇ ದೂರಿಕೊಳ್ಳುತ್ತಾರೆ: ‘ಆಸ್ಪತ್ರೆಯ ಗಡಿಬಿಡಿಯಲ್ಲಿ ಸರಿಯಾಗಿ ಹಲ್ಲುಜ್ಜಿಸಲಿಲ್ಲವೇನೋ, ಸಿಹಿ ಜಾಸ್ತಿ ಕೊಟ್ಟೆವೇನೋ’ ಎಂದು. ಹಲ್ಲು ಹುಳುಕಾಗುವುದಕ್ಕೆ ಉಜ್ಜದಿರುವುದು, ಸಿಹಿ ಎರಡೂ ಕಾರಣ ನಿಜ. ಆದರೆ ಹಲ್ಲು ಸಣ್ಣದಾಗುವುದಕ್ಕೆ, ಹುಟ್ಟದೇ ಇರುವುದಕ್ಕೆ, ಬೇರು ಗಿಡ್ಡವಾಗುವುದಕ್ಕೆ ಹೆತ್ತವರ ಯಾವ ತಪ್ಪೂ ಕಾರಣವಲ್ಲ. ಮಗುವಿನ ಜೀವ ಉಳಿಸಿದ ಅದೇ ಔಷಧ, ಅದೇ ರೇಡಿಯೇಷನ್ ದವಡೆಯೊಳಗೆ ಆಗ ತಾನೇ ಕಟ್ಟಿಕೊಳ್ಳುತ್ತಿದ್ದ ಹಲ್ಲುಗಳನ್ನೂ ತಟ್ಟಿರುತ್ತದೆ. ಇದನ್ನು ಮೊದಲೇ ತಿಳಿದುಕೊಂಡವರಿಗೆ ಬಹಳಷ್ಟನ್ನು ಸರಿಮಾಡಿಸಿಕೊಳ್ಳುವ ದಾರಿ ಇದೆ. ತಿಳಿಯದೆ ಅವಸರದಲ್ಲಿ ಒಂದು ಹಲ್ಲು ಕೀಳಿಸಿದರೆ ಅಥವಾ ಕ್ಲಿಪ್ ಹಾಕಿಸಿದರೆ ಇರುವುದನ್ನೂ ಕಳೆದುಕೊಳ್ಳಬೇಕಾದೀತು. ಈ ಲೇಖನ ಬರೆಯುತ್ತಿರುವುದು ಆ ನಷ್ಟ ತಪ್ಪಲಿ ಎಂಬ ಕಾಳಜಿಯಿಂದ.

ಮಕ್ಕಳ ಕ್ಯಾನ್ಸರ್ ಇಂದು ಹೆಚ್ಚಿನ ಪಾಲು ಗುಣವಾಗಬಲ್ಲ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಆರಂಭಿಸಿದ ಜಾಗತಿಕ ಕಾರ್ಯಕ್ರಮ, 2030ರ ಹೊತ್ತಿಗೆ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಕನಿಷ್ಠ ಶೇ 60ರಷ್ಟು ಮಂದಿ ಬದುಕುಳಿಯಬೇಕೆಂಬ ಗುರಿ ಇಟ್ಟುಕೊಂಡಿದೆ. ಬದುಕುಳಿದ ಮಕ್ಕಳ ಮುಂದೆ ಐವತ್ತು ಅರವತ್ತು ವರ್ಷಗಳ ಬಾಳು ಇದೆ. ಅಷ್ಟು ಕಾಲವೂ ಅವರು ಚೆನ್ನಾಗಿ ಅಗಿದು ತಿನ್ನಬೇಕು, ಸಂಕೋಚವಿಲ್ಲದೆ ನಗಬೇಕು.

ಹಲ್ಲು ಕಟ್ಟುವ ಕಾಲಪಟ್ಟಿ

ವಸಡು ಸೀಳಿಕೊಂಡು ಹೊರಬರುವ ಎಷ್ಟೋ ವರ್ಷ ಮೊದಲೇ ಹಲ್ಲು ದವಡೆಯ ಮೂಳೆಯೊಳಗೆ ಕಟ್ಟಿಕೊಳ್ಳಲು ಶುರುವಾಗಿರುತ್ತದೆ. 20 ಹಾಲುಹಲ್ಲುಗಳ ಮೊಳಕೆ ತಾಯಿಯ ಗರ್ಭದಲ್ಲೇ, ಆರನೇ ವಾರದ ಸುಮಾರಿಗೆ ಕಾಣಿಸುತ್ತದೆ. ಶಾಶ್ವತ ಹಲ್ಲುಗಳು ಬುದ್ಧಿಹಲ್ಲು ಸೇರಿ 32. ಇವುಗಳ ಕೆಲಸ ಹುಟ್ಟಿದ ದಿನದಿಂದ ಹಿಡಿದು ಹದಿಹರೆಯದ ಕೊನೆಯವರೆಗೂ ನಡೆಯುತ್ತಲೇ ಇರುತ್ತದೆ. ಮೊದಲು ಬಾಯಲ್ಲಿ ಕಾಣುವ ಮೇಲ್ಭಾಗ, ಆಮೇಲೆ ಮೂಳೆಯೊಳಗೆ ಉಳಿಯುವ ಬೇರು. ಹಲ್ಲು ವಸಡಿನಿಂದ ಹೊರಬಂದ ಮೇಲೂ ಬೇರು ಪೂರ್ತಿಯಾಗಲು ಎರಡು ಮೂರು ವರ್ಷ ಬೇಕು.

ಶಾಶ್ವತ ಹಲ್ಲುಗಳ ಮೇಲ್ಭಾಗ ಕಟ್ಟುವ ವಯಸ್ಸು ಸ್ಥೂಲವಾಗಿ ಹೀಗಿದೆ:

• ಮೊದಲ ದೊಡ್ಡ ದವಡೆ ಹಲ್ಲು (ಆರನೇ ವಯಸ್ಸಿಗೆ ಮೂಡುವುದು): ಹುಟ್ಟಿದಾಗಿನಿಂದ ಸುಮಾರು 3 ವರ್ಷದವರೆಗೆ.
• ಬಾಚಿಹಲ್ಲುಗಳು: 3–4 ತಿಂಗಳಿನಿಂದ 4–5 ವರ್ಷ. ಮೇಲಿನ ಪಕ್ಕದ ಬಾಚಿಹಲ್ಲು ಮಾತ್ರ ಶುರುವಾಗುವುದೇ ಒಂದು ವರ್ಷದ ಸುಮಾರಿಗೆ.
• ಕೋರೆಹಲ್ಲುಗಳು: 4–5 ತಿಂಗಳಿನಿಂದ 6–7 ವರ್ಷ.
• ಕೋರೆಹಲ್ಲಿನ ಹಿಂದಿರುವ ಎರಡು ಚಿಕ್ಕ ದವಡೆ ಹಲ್ಲುಗಳು: ಒಂದೂವರೆ ಎರಡು ವರ್ಷದಿಂದ 6–7 ವರ್ಷ.
• ಎರಡನೇ ದೊಡ್ಡ ದವಡೆ ಹಲ್ಲು (ಹನ್ನೆರಡರ ಸುಮಾರಿಗೆ ಮೂಡುವುದು): ಎರಡೂವರೆ ಮೂರು ವರ್ಷದಿಂದ 7–8 ವರ್ಷ.
• ಬುದ್ಧಿಹಲ್ಲು: 7–10 ವರ್ಷಕ್ಕೆ ಶುರು.

ಈ ಪಟ್ಟಿಯ ಪಕ್ಕದಲ್ಲಿ ನಿಮ್ಮ ಮಗುವಿಗೆ ಚಿಕಿತ್ಸೆ ನಡೆದ ವಯಸ್ಸನ್ನು ಬರೆದಿಡಿ. ಯಾವ ಹಲ್ಲಿಗೆ ಪೆಟ್ಟು ಬಿದ್ದಿರಬಹುದು ಎಂಬ ಅಂದಾಜು ಅಲ್ಲಿಯೇ ಸಿಗುತ್ತದೆ. ಪೈರು ತೆನೆ ಕಟ್ಟುವ ಹೊತ್ತಿನಲ್ಲಿ ಮಳೆ ಕೈಕೊಟ್ಟರೆ ಕಾಳು ಜೊಳ್ಳಾಗುತ್ತದೆ, ಕಾಳು ಗಟ್ಟಿಯಾದ ಮೇಲೆ ಕೈಕೊಟ್ಟರೆ ಅಷ್ಟು ನಷ್ಟವಿಲ್ಲ. ಹಲ್ಲಿನ ವಿಷಯದಲ್ಲೂ ಹೊತ್ತೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಮೂರು ವರ್ಷದ ಮಗುವಿಗೆ ಕೀಮೋ ಶುರುವಾಯಿತು ಎಂದುಕೊಳ್ಳಿ. ಮೊದಲ ದೊಡ್ಡ ದವಡೆ ಹಲ್ಲಿನ ಮೇಲ್ಭಾಗ ಆಗಲೇ ಸಿದ್ಧವಾಗಿದೆ, ಬಾಚಿಹಲ್ಲುಗಳದ್ದು ಬಹುಪಾಲು ಮುಗಿದಿದೆ. ಇವು ನೋಡಲು ಚೆನ್ನಾಗಿಯೇ ಮೂಡಬಹುದು, ಆದರೆ ಬೇರು ಗಿಡ್ಡವಾಗಿರಬಹುದು. ಚಿಕ್ಕ ದವಡೆ ಹಲ್ಲುಗಳು, ಎರಡನೇ ದೊಡ್ಡ ದವಡೆ ಹಲ್ಲು ಆಗಿನ್ನೂ ಮೊಳಕೆಯಲ್ಲಿವೆ. ಇವು ಸಣ್ಣದಾಗಬಹುದು, ಕೆಲವು ಹುಟ್ಟದೆಯೇ ಹೋಗಬಹುದು. ಒಂಬತ್ತು ಹತ್ತು ವರ್ಷದಲ್ಲಿ ಚಿಕಿತ್ಸೆ ಪಡೆದ ಮಗುವಿನ ಹಲ್ಲುಗಳು ಹೊರನೋಟಕ್ಕೆ ಸರಿಯಾಗಿಯೇ ಕಾಣುತ್ತವೆ. ಅಲ್ಲಿ ಪೆಟ್ಟು ಬೀಳುವುದು ಬೇರಿಗೆ, ಅದು ಎಕ್ಸ್‌ರೇಯಲ್ಲಿ ಮಾತ್ರ ತಿಳಿಯುತ್ತದೆ. ಐದು ವರ್ಷದೊಳಗೆ ಚಿಕಿತ್ಸೆ ಪಡೆದ ಮಕ್ಕಳಿಗೆ ತೊಂದರೆ ಹೆಚ್ಚು ಎಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್, ಅಂದರೆ ಎಎಲ್‌ಎಲ್, ಬಹಳಷ್ಟು ಸಲ 2ರಿಂದ 5 ವರ್ಷದೊಳಗೇ ಬರುತ್ತದೆ. ಕಣ್ಣಿನ ರೆಟಿನೋಬ್ಲಾಸ್ಟೋಮಾ, ಮೂತ್ರಪಿಂಡದ ವಿಲ್ಮ್ಸ್ ಗಡ್ಡೆ, ನ್ಯೂರೋಬ್ಲಾಸ್ಟೋಮಾ ಕೂಡ ಎಳೆಯ ವಯಸ್ಸಿನವೇ.

ಕೀಮೋ ಹೇಗೆ ತಟ್ಟುತ್ತದೆ?

ಕೀಮೋ ಔಷಧಗಳು ವೇಗವಾಗಿ ಒಡೆದು ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತವೆ. ಕ್ಯಾನ್ಸರ್ ಕೋಶ ಅಂಥದ್ದು, ಕೂದಲಿನ ಬುಡದ ಕೋಶವೂ ಅಂಥದ್ದೇ. ಹಲ್ಲಿನ ಹೊರಕವಚವಾದ ಎನಾಮಲ್ ಕಟ್ಟುವ ಕೋಶಗಳು, ಅದರೊಳಗಿನ ಡೆಂಟಿನ್ ಕಟ್ಟುವ ಕೋಶಗಳು ಕೂಡ ಬೆಳವಣಿಗೆಯ ಹಂತದಲ್ಲಿ ಇದೇ ಗುಂಪಿಗೆ ಸೇರುತ್ತವೆ. ಕೂದಲಿನ ಬುಡ ಚೇತರಿಸಿಕೊಳ್ಳುತ್ತದೆ. ಎನಾಮಲ್ ಕಟ್ಟುವ ಕೋಶಗಳಾದರೋ ಹಲ್ಲು ಮೂಡುವಷ್ಟರಲ್ಲಿ ತಮ್ಮ ಕೆಲಸ ಮುಗಿಸಿ ಇಲ್ಲವಾಗುತ್ತವೆ. ಅವು ಕಟ್ಟದೆ ಬಿಟ್ಟ ಜಾಗವನ್ನು ದೇಹ ಮತ್ತೆ ತುಂಬಲಾರದು.

ವಿನ್‌ಕ್ರಿಸ್ಟಿನ್, ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್, ಮೆಥೋಟ್ರೆಕ್ಸೇಟ್ ಮುಂತಾದ ಹೆಸರುಗಳು ನಿಮ್ಮ ಫೈಲಿನಲ್ಲಿರಬಹುದು. ಹಲ್ಲಿನ ದೃಷ್ಟಿಯಿಂದ ಸೈಕ್ಲೋಫಾಸ್ಫಮೈಡ್‌ನಂಥ ಔಷಧಗಳ ಒಟ್ಟು ಪ್ರಮಾಣ ಹೆಚ್ಚಿದ್ದಷ್ಟೂ ಎಚ್ಚರ ಹೆಚ್ಚಿರಬೇಕು. ಇವುಗಳಿಂದ ಆಗಬಹುದಾದ ವ್ಯತ್ಯಾಸಗಳು ಇವು: ಹಲ್ಲು ಗಾತ್ರದಲ್ಲಿ ಸಣ್ಣದಾಗುವುದು, ಒಂದೆರಡು ಹಲ್ಲು ಹುಟ್ಟದಿರುವುದು, ಎನಾಮಲ್ ತೆಳುವಾಗಿ ಬಿಳಿ ಅಥವಾ ಕಂದು ಕಲೆ, ಗೀರು, ಗುಳಿ ಬೀಳುವುದು, ಬೇರು ಗಿಡ್ಡವಾಗಿ ಚೂಪಾಗುವುದು, ಹಲ್ಲು ತಡವಾಗಿ ಮೂಡುವುದು. ಎಲ್ಲ ಮಕ್ಕಳಿಗೂ ಎಲ್ಲವೂ ಆಗುವುದಿಲ್ಲ. ಎಷ್ಟೋ ಮಕ್ಕಳಲ್ಲಿ ಎಕ್ಸ್‌ರೇ ತೆಗೆದರಷ್ಟೇ ಕಾಣುವ ಸಣ್ಣ ವ್ಯತ್ಯಾಸ ಇರುತ್ತದೆ, ಅದರಿಂದ ದಿನನಿತ್ಯದ ಬದುಕಿಗೆ ತೊಂದರೆಯಾಗುವುದಿಲ್ಲ.

ರೇಡಿಯೇಷನ್ ಆದ ಮಕ್ಕಳಿಗೆ

ಕೀಮೋ ಇಡೀ ದೇಹವನ್ನು ಸುತ್ತುತ್ತದೆ, ರೇಡಿಯೇಷನ್ ಕೊಟ್ಟ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹೊಟ್ಟೆಗೆ ರೇಡಿಯೇಷನ್ ಆಗಿದ್ದರೆ ಅದರಿಂದ ಹಲ್ಲಿಗೆ ತೊಂದರೆಯಿಲ್ಲ. ತಲೆ, ಮುಖ, ಕುತ್ತಿಗೆಗೆ ಆಗಿದ್ದರೆ ಅಥವಾ ಅಸ್ಥಿಮಜ್ಜೆ ಕಸಿಗೆ ಮೊದಲು ಇಡೀ ಮೈಗೆ ಕೊಟ್ಟಿದ್ದರೆ ಮಾತು ಬೇರೆ. ರೇಡಿಯೇಷನ್ ಅಳೆಯುವ ಮಾನ ‘ಗ್ರೇ’. 10 ಗ್ರೇ ಆಸುಪಾಸಿನ ಪ್ರಮಾಣವೇ ಎನಾಮಲ್ ಕಟ್ಟುವ ಕೋಶಗಳಿಗೆ ಶಾಶ್ವತ ಹಾನಿ ಮಾಡಬಲ್ಲದು. 30 ಗ್ರೇ ದಾಟಿದರೆ ಆ ಜಾಗದಲ್ಲಿ ಬೆಳೆಯುತ್ತಿರುವ ಹಲ್ಲಿನ ಬೆಳವಣಿಗೆ ಅಲ್ಲಿಗೇ ನಿಂತುಬಿಡಬಹುದು.

ಇದರ ಪರಿಣಾಮ ಹಲ್ಲಿಗಷ್ಟೇ ಸೀಮಿತವಲ್ಲ. ಜೊಲ್ಲಿನ ಗ್ರಂಥಿಗಳಿಗೆ ಪೆಟ್ಟು ಬಿದ್ದರೆ ಬಾಯಿ ಒಣಗುತ್ತದೆ. ಜೊಲ್ಲು ಹಲ್ಲನ್ನು ಕಾಯುವ ನೈಸರ್ಗಿಕ ರಕ್ಷಣೆ. ಅದು ಕಡಿಮೆಯಾದ ಬಾಯಲ್ಲಿ ಹುಳುಕು ಬಹಳ ಬೇಗ ಹಬ್ಬುತ್ತದೆ. ದವಡೆಯ ಮೂಳೆ ಬೆಳೆಯುವ ವಯಸ್ಸಿನಲ್ಲಿ ಒಂದೇ ಪಕ್ಕಕ್ಕೆ ರೇಡಿಯೇಷನ್ ಬಿದ್ದಿದ್ದರೆ ಮುಖದ ಆ ಭಾಗ ಚಿಕ್ಕದಾಗಿ ಉಳಿಯಬಹುದು. ಅಗಿಯುವ ಸ್ನಾಯು ಬಿಗಿದುಕೊಂಡು ಬಾಯಿ ಪೂರ್ತಿ ತೆರೆಯಲಾಗದ ತೊಂದರೆಯೂ ಬರಬಹುದು. ಇದಕ್ಕೆ ಬಾಯಿ ತೆರೆಯುವ ವ್ಯಾಯಾಮವನ್ನು ವೈದ್ಯರು ಹೇಳಿಕೊಡುತ್ತಾರೆ. ಅದನ್ನು ಬೇಗ ಶುರುಮಾಡಿ, ಬಿಡದೆ ಮಾಡಿಸಿದಷ್ಟೂ ಒಳ್ಳೆಯದು. ದವಡೆಗೆ 40 ಗ್ರೇಗಿಂತ ಹೆಚ್ಚು ರೇಡಿಯೇಷನ್ ಬಿದ್ದಿದ್ದರೆ ಆ ಜಾಗದ ಹಲ್ಲು ಕೀಳಿಸುವ ಮೊದಲು ವಿಶೇಷ ಎಚ್ಚರ ಬೇಕು. ಅಲ್ಲಿನ ಮೂಳೆಗೆ ರಕ್ತಸಂಚಾರ ಕಡಿಮೆಯಾಗಿರುತ್ತದೆ, ಗಾಯ ಮಾಯದೆ ಮೂಳೆ ಕೊಳೆಯುವ ಅಪಾಯವಿದೆ.

ಅಸ್ಥಿಮಜ್ಜೆ ಕಸಿಯಾದ ಮಕ್ಕಳಲ್ಲಿ ಭಾರೀ ಪ್ರಮಾಣದ ಕೀಮೋ, ಕೆಲವರಲ್ಲಿ ಮೈಗೆಲ್ಲ ರೇಡಿಯೇಷನ್, ಆಮೇಲೆ ಕಸಿಯ ಕೋಶಗಳೇ ದೇಹದ ಮೇಲೆ ತಿರುಗಿಬೀಳುವ ಜಿವಿಎಚ್‌ಡಿ ತೊಂದರೆ ಇವೆಲ್ಲ ಕೂಡಿಕೊಳ್ಳುತ್ತವೆ. ಇಂಥ ಮಕ್ಕಳ ಬಾಯಿಯನ್ನು ಎಲ್ಲರಿಗಿಂತ ಹೆಚ್ಚು ಮುತುವರ್ಜಿಯಿಂದ ನೋಡಿಕೊಳ್ಳಬೇಕು.

ಚಿಕಿತ್ಸೆ ನಡೆಯುತ್ತಿರುವಾಗ

ಹಲ್ಲಿನ ಮೊಳಕೆಯ ಮೇಲೆ ಬೀಳುವ ಪೆಟ್ಟನ್ನು ತಡೆಯುವ ಔಷಧ ಸದ್ಯಕ್ಕೆ ಇಲ್ಲ. ಹುಳುಕನ್ನೂ ಸೋಂಕನ್ನೂ ತಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ. ಇದು ಬರೀ ಹಲ್ಲಿನ ಪ್ರಶ್ನೆಯಲ್ಲ. ಬಿಳಿ ರಕ್ತಕಣ ಕುಸಿದ ಮಗುವಿಗೆ ಒಂದು ಹುಳುಕು ಹಲ್ಲಿನ ಕೀವಿನಿಂದಲೇ ಇಡೀ ರಕ್ತಕ್ಕೆ ಸೋಂಕು ಹರಡಬಹುದು, ಕೀಮೋ ಮುಂದೂಡಬೇಕಾಗಿ ಬರಬಹುದು.

ಸಾಧ್ಯವಿದ್ದರೆ ಚಿಕಿತ್ಸೆ ಶುರುವಾಗುವ ಮೊದಲೇ ಒಮ್ಮೆ ಹಲ್ಲಿನ ವೈದ್ಯರಿಗೆ ತೋರಿಸಿ. ಉಳಿಸಲಾಗದ ಹಲ್ಲು ಕೀಳುವುದಿದ್ದರೆ ಗಾಯ ಮಾಯಲು ಒಂದೆರಡು ವಾರ ಬೇಕು. ರಕ್ತದ ಕ್ಯಾನ್ಸರ್‌ನಲ್ಲಿ ಅಷ್ಟು ಕಾಯಲು ಆಗುವುದಿಲ್ಲ. ಆಗ ಎರಡು ಕೀಮೋ ಸುತ್ತುಗಳ ನಡುವೆ ರಕ್ತಕಣಗಳ ಕೌಂಟ್ ಏರಿದ ಹೊತ್ತು ನೋಡಿ ಕ್ಯಾನ್ಸರ್ ವೈದ್ಯರೇ ದಿನ ಸೂಚಿಸುತ್ತಾರೆ. ಸೋಂಕಿನೊಡನೆ ಹೋರಾಡುವ ಬಿಳಿ ಕಣಗಳ ಲೆಕ್ಕ, ಅಂದರೆ ರಿಪೋರ್ಟಿನಲ್ಲಿ ಎಎನ್‌ಸಿ ಎಂದಿರುವುದು, 1000ಕ್ಕಿಂತ ಕೆಳಗಿದ್ದಾಗ ತುರ್ತಿಲ್ಲದ ಹಲ್ಲಿನ ಕೆಲಸಗಳನ್ನು ಮುಂದೂಡುತ್ತಾರೆ. ಪ್ಲೇಟ್‌ಲೆಟ್ ಎಷ್ಟಿದೆ ಎಂಬುದನ್ನೂ ನೋಡುತ್ತಾರೆ. ಕ್ಯಾನ್ಸರ್ ವೈದ್ಯರನ್ನು ಕೇಳದೆ ಊರಿನ ಕ್ಲಿನಿಕ್‌ನಲ್ಲಿ ಹಲ್ಲು ಕೀಳಿಸುವುದು ಬೇಡವೇ ಬೇಡ.

ಮನೆಯಲ್ಲಿ ಪಾಲಿಸಬೇಕಾದ ಕೆಲವು ಸಂಗತಿಗಳು:

• ದಿನಕ್ಕೆ ಎರಡು ಬಾರಿ ಮೆತ್ತನೆಯ ಬ್ರಷ್‌ನಿಂದ ಹಲ್ಲುಜ್ಜಿಸಿ. ಬಾಯಿಹುಣ್ಣು ಜೋರಾಗಿದ್ದರೆ ಇನ್ನೂ ಮೆತ್ತನೆಯ ಬ್ರಷ್ ಯಾವುದು, ಬ್ರಷ್ ಬದಲು ಏನು ಬಳಸಬಹುದು ಎಂದು ವಾರ್ಡಿನ ನರ್ಸ್ ಅವರನ್ನೇ ಕೇಳಿ.
• ಇದ್ದಿಲು, ಉಪ್ಪು, ಒರಟು ಹಲ್ಲುಪುಡಿ, ಬೇವಿನ ಕಡ್ಡಿಯಿಂದ ಹಲ್ಲುಜ್ಜುವುದು ಈ ಅವಧಿಯಲ್ಲಿ ಬೇಡ. ತೆಳುವಾದ ವಸಡಿಗೆ ಗೀರು ಬಿದ್ದರೆ ಅದೇ ಸೋಂಕಿನ ಬಾಗಿಲು.
• ಮಕ್ಕಳ ಸಿರಪ್‌ಗಳಲ್ಲಿ, ಬಾಯಿಯ ಫಂಗಸ್‌ಗೆ ಕೊಡುವ ದ್ರವ ಔಷಧಗಳಲ್ಲಿ ಸಕ್ಕರೆ ಇರುವುದುಂಟು. ಔಷಧದ ನಂತರ ಬಾಯಿಗೆ ಏನನ್ನೂ ಹಾಕದೆ ಎಷ್ಟು ಹೊತ್ತು ಇರಬೇಕೆಂದು ಕೇಳಿ ತಿಳಿದುಕೊಳ್ಳಿ, ಆ ಹೊತ್ತು ಕಳೆದ ಮೇಲೆ ಬಾಯಿ ಮುಕ್ಕಳಿಸಿ.
• ಮಗು ಏನನ್ನಾದರೂ ತಿಂದರೆ ಸಾಕು ಎನಿಸುವ ದಿನಗಳವು, ಅದು ಅರ್ಥವಾಗುವಂಥದ್ದೇ. ಸಕ್ಕರೆ ಹಾಕಿದ ಹಾಲು, ಗ್ಲೂಕೋಸ್ ನೀರು, ಬಿಸ್ಕತ್ತುಗಳನ್ನು ಊಟದ ಹೊತ್ತಿಗೇ ಸೇರಿಸಿಕೊಡಿ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆಹೋಗುವ ಅಭ್ಯಾಸ ಮಾತ್ರ ಬಿಡಿಸಿ.
• ಮದ್ಯಸಾರವಿರುವ ಮೌತ್‌ವಾಶ್ ಬೇಡ. ಆಸ್ಪತ್ರೆಯವರು ಹೇಳಿಕೊಟ್ಟ ಉಪ್ಪು ಸೋಡಾ ನೀರೇ ಸಾಕು.
• ಅಲ್ಲಾಡುವ ಹಾಲುಹಲ್ಲನ್ನು ಕೈಯಿಂದ ಕೀಳಬೇಡಿ, ದಾರ ಕಟ್ಟಿ ಎಳೆಯಬೇಡಿ. ನಾಲಗೆಯಿಂದ ಆಡಿಸದಂತೆ ಮಗುವಿಗೂ ಹೇಳಿ. ತಾನಾಗಿ ಬಿದ್ದ ಮೇಲೆ ರಕ್ತ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ತಿಳಿಸಿ.

ಇನ್ನೊಂದು ಮಾತು. ವಿನ್‌ಕ್ರಿಸ್ಟಿನ್ ಪಡೆದ ಮಗು ಕೆಲವೊಮ್ಮೆ ದವಡೆಯ ಎರಡೂ ಕಡೆ ಹಲ್ಲುನೋವೆಂದು ಅಳುತ್ತದೆ, ನೋಡಿದರೆ ಹುಳುಕೇ ಇರುವುದಿಲ್ಲ. ಇದು ಆ ಔಷಧ ನರಗಳ ಮೇಲೆ ಮಾಡುವ ಪರಿಣಾಮ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಹಲ್ಲಿನ ದೋಷವೆಂದು ತಿಳಿದು ಒಳ್ಳೆಯ ಹಲ್ಲನ್ನು ಕೀಳಿಸುವಂತಾಗಬಾರದು.

ಚಿಕಿತ್ಸೆ ಮುಗಿದ ಮೇಲೆ: ಒಂದು ಕಾಗದ, ಒಂದು ಎಕ್ಸ್‌ರೇ

ಈ ಲೇಖನದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ನಿಮ್ಮ ಮಗುವಿನ ಬಾಯಿ ನೋಡುವ ಪ್ರತಿಯೊಬ್ಬ ದಂತವೈದ್ಯರಿಗೂ ಆ ಮಗುವಿನ ಹಳೆಯ ಚಿಕಿತ್ಸೆಯ ವಿವರ ಗೊತ್ತಿರಲೇಬೇಕು. ಹತ್ತು ವರ್ಷದ ಆರೋಗ್ಯವಂತ ಮಗು ಕುರ್ಚಿಯಲ್ಲಿ ಕೂತಾಗ ಅದಕ್ಕೆ ಹಿಂದೆ ಕ್ಯಾನ್ಸರ್ ಆಗಿತ್ತೆಂದು ನೋಡಿದವರಿಗೆ ತಿಳಿಯುವುದಿಲ್ಲ. ಬಂಧುಬಳಗದಲ್ಲಿ ಮಾತಾದೀತು, ಮುಂದೆ ಮದುವೆಗೆ ತೊಡಕಾದೀತು ಎಂದು ಕೆಲವು ಮನೆಗಳಲ್ಲಿ ಈ ಕಾಯಿಲೆಯ ವಿಷಯ ಹೇಳುವುದೇ ಇಲ್ಲ. ಆ ಭಯ ಎಲ್ಲಿಂದ ಬರುತ್ತದೆಂದು ನಮಗೆಲ್ಲ ಗೊತ್ತು. ಊರಿಗೆಲ್ಲ ಹೇಳಬೇಕಿಲ್ಲ, ವೈದ್ಯರಿಂದ ಮಾತ್ರ ಮುಚ್ಚಿಡಬೇಡಿ.

ಚಿಕಿತ್ಸೆ ಮುಗಿಸಿ ಹೊರಡುವಾಗ ಆಸ್ಪತ್ರೆಯಿಂದ ಚಿಕಿತ್ಸೆಯ ಸಾರಾಂಶವನ್ನು ಕೇಳಿ ಪಡೆಯಿರಿ. ಅದರಲ್ಲಿ ಇವು ಇರಬೇಕು: ಕಾಯಿಲೆಯ ಹೆಸರು, ಚಿಕಿತ್ಸೆ ಶುರುವಾದ ಮತ್ತು ಮುಗಿದ ದಿನಾಂಕ, ಆಗಿನ ವಯಸ್ಸು, ಕೊಟ್ಟ ಔಷಧಗಳ ಹೆಸರು ಮತ್ತು ಒಟ್ಟು ಪ್ರಮಾಣ, ರೇಡಿಯೇಷನ್ ಆಗಿದ್ದರೆ ಯಾವ ಭಾಗಕ್ಕೆ, ಎಷ್ಟು ಗ್ರೇ, ಅಸ್ಥಿಮಜ್ಜೆ ಕಸಿಯ ವಿವರ. ಡಾಕ್ಸೋರುಬಿಸಿನ್‌ನಂಥ ಔಷಧಗಳು ಹೃದಯವನ್ನು ದುರ್ಬಲಗೊಳಿಸಬಹುದು. ಹೀಗಾಗಿ ಅರಿವಳಿಕೆ ಕೊಟ್ಟು ಹಲ್ಲಿನ ಕೆಲಸ ಮಾಡುವ ಸಂದರ್ಭದಲ್ಲಿ ಆ ವಿವರವೂ ವೈದ್ಯರಿಗೆ ಬೇಕಾಗುತ್ತದೆ. ಮೂಲ ಪ್ರತಿಯನ್ನು ಜೋಪಾನವಾಗಿಟ್ಟು ಒಂದು ಜೆರಾಕ್ಸ್ ಜೊತೆಯಲ್ಲಿಟ್ಟುಕೊಳ್ಳಿ, ಫೋನಿನಲ್ಲೂ ಫೋಟೋ ಇರಲಿ. ಈ ಕಾಗದ ಮಗುವಿಗೆ ಇಪ್ಪತ್ತಾದರೂ ಮೂವತ್ತಾದರೂ ಬೇಕಾಗುತ್ತದೆ.

ಎರಡನೆಯದು ಓಪಿಜಿ ಎಂದು ಕರೆಯುವ ಎಕ್ಸ್‌ರೇ. ಮೇಲಿನ ಮತ್ತು ಕೆಳಗಿನ ದವಡೆ ಪೂರ್ತಿಯಾಗಿ ಒಂದೇ ಚಿತ್ರದಲ್ಲಿ ಕಾಣುತ್ತದೆ. ಯಂತ್ರ ತಲೆಯ ಸುತ್ತ ತಿರುಗುವಷ್ಟು ಹೊತ್ತು ಮಗು ಅಲುಗದೆ ನಿಲ್ಲಬೇಕು, ಐದಾರು ವರ್ಷದ ಮಕ್ಕಳಿಗೆ ಇದು ಸಾಧ್ಯ. ಯಾವ ಶಾಶ್ವತ ಹಲ್ಲು ಒಳಗಿದೆ, ಯಾವುದು ಇಲ್ಲ, ಬೇರುಗಳು ಹೇಗಿವೆ ಎಂಬುದೆಲ್ಲ ಇದರಲ್ಲಿ ತಿಳಿಯುತ್ತದೆ. ‘ಮೊದಲೇ ರೇಡಿಯೇಷನ್ ಪಡೆದ ಮಗು, ಮತ್ತೆ ಎಕ್ಸ್‌ರೇ ಬೇಕೇ?’ ಎಂದು ಹೆತ್ತವರು ಹೆದರುವುದು ಸಹಜ. ಒಂದು ಓಪಿಜಿಯ ವಿಕಿರಣ ನಿಸರ್ಗದಿಂದ ನಮ್ಮೆಲ್ಲರಿಗೂ ಕೆಲವೇ ದಿನಗಳಲ್ಲಿ ತಗಲುವಷ್ಟು. ಅದರಿಂದ ಸಿಗುವ ಮಾಹಿತಿಯ ಬೆಲೆ ಬಹಳ ದೊಡ್ಡದು.

ತಪಾಸಣೆ ಆರು ತಿಂಗಳಿಗೊಮ್ಮೆ ಇರಲಿ. ಅಮೆರಿಕದ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್ ಸಿದ್ಧಪಡಿಸಿರುವ ದೀರ್ಘಕಾಲದ ಆರೈಕೆಯ ಮಾರ್ಗಸೂಚಿಯಲ್ಲೂ ಇದೇ ಅಂತರವಿದೆ. ನೋವು ಬಂದಾಗ ಹೋಗೋಣ ಎಂಬ ನಮ್ಮ ರೂಢಿ ಈ ಮಕ್ಕಳ ಮಟ್ಟಿಗೆ ನಡೆಯದು. ತೆಳು ಎನಾಮಲ್‌ನ ಹಲ್ಲಿನಲ್ಲಿ ಹುಳುಕು ನೋವಿನ ಹಂತಕ್ಕೆ ಬರುವಷ್ಟರಲ್ಲಿ ಬಹಳ ಆಳಕ್ಕೆ ಇಳಿದಿರುತ್ತದೆ.

ಕೀಳುವ ಮುನ್ನ, ಕ್ಲಿಪ್ ಹಾಕಿಸುವ ಮುನ್ನ

ಹಾಲುಹಲ್ಲು ಹುಳುಕಾದರೆ ‘ಹೇಗಿದ್ದರೂ ಬೀಳುವ ಹಲ್ಲು, ಕಿತ್ತುಬಿಡಿ’ ಎನ್ನುವುದು ನಮ್ಮಲ್ಲಿ ಸಾಮಾನ್ಯ. ಕ್ಯಾನ್ಸರ್ ಚಿಕಿತ್ಸೆ ಆದ ಮಗುವಿನಲ್ಲಿ ಆ ಹಾಲುಹಲ್ಲಿನ ಕೆಳಗೆ ಶಾಶ್ವತ ಹಲ್ಲು ಇಲ್ಲದೇ ಇರಬಹುದು. ಹಾಗಿದ್ದಾಗ ಹಾಲುಹಲ್ಲನ್ನೇ ಫಿಲ್ಲಿಂಗ್, ಬೇರಿನ ಚಿಕಿತ್ಸೆ, ಕ್ಯಾಪ್ ಮೂಲಕ ಉಳಿಸಿಕೊಂಡರೆ ಅದು ಇನ್ನೂ ಹಲವು ವರ್ಷ ಕೆಲಸಕ್ಕೆ ಬರುತ್ತದೆ. ಎಕ್ಸ್‌ರೇ ನೋಡದೆ ಹಾಲುಹಲ್ಲು ಕೀಳಿಸಬೇಡಿ. ಕೀಳಲೇಬೇಕಾದರೆ ಖಾಲಿ ಜಾಗಕ್ಕೆ ಅಕ್ಕಪಕ್ಕದ ಹಲ್ಲು ವಾಲದಂತೆ ಜಾಗ ಕಾಯುವ ಸಾಧನ ಬೇಕೇ ಎಂದು ಕೇಳಿ.

ಕ್ಲಿಪ್ ವಿಚಾರಕ್ಕೆ ಬಂದರೆ, ತಂತಿ ಹಲ್ಲನ್ನು ಸರಿಸುವಾಗ ಎಲ್ಲರಿಗೂ ಬೇರಿನ ತುದಿ ತುಸು ಸವೆಯುತ್ತದೆ. ಉದ್ದ ಬೇರಿನ ಹಲ್ಲಿಗೆ ಅದು ಲೆಕ್ಕಕ್ಕಿಲ್ಲ. ಮೊದಲೇ ಗಿಡ್ಡವಿರುವ ಬೇರು ಇನ್ನಷ್ಟು ಸವೆದರೆ ಹಲ್ಲು ಸಡಿಲಾಗಬಹುದು. ಕ್ಯಾನ್ಸರ್ ಆದ ಮಕ್ಕಳಿಗೆ ಕ್ಲಿಪ್ ಹಾಕಿಸಲೇಬಾರದು ಎಂದು ಇದರ ಅರ್ಥವಲ್ಲ. ಚಿಕಿತ್ಸೆ ಪೂರ್ತಿ ಮುಗಿದು, ಕಾಯಿಲೆ ಮರುಕಳಿಸದೆ ಕನಿಷ್ಠ ಎರಡು ವರ್ಷ ಕಳೆದಿರಬೇಕು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ನಿಂತಿರಬೇಕು ಎಂಬುದು ತಜ್ಞರ ಸಲಹೆ. ಆಮೇಲೂ ಹಗುರ ಒತ್ತಡದ ತಂತಿ, ಕಡಿಮೆ ಅವಧಿ, ಸರಳ ಗುರಿ, ನಡುನಡುವೆ ಬೇರಿನ ಎಕ್ಸ್‌ರೇ ಬೇಕು. ಎಲ್ಲ ಹಲ್ಲನ್ನೂ ಸಾಲಿಗೆ ತರುವ ಹಟ ಬಿಟ್ಟು ತುಸು ಓರೆಯನ್ನು ಹಾಗೇ ಒಪ್ಪಿಕೊಳ್ಳುವುದು ಎಷ್ಟೋ ಸಲ ಬುದ್ಧಿವಂತಿಕೆಯ ತೀರ್ಮಾನ. ಬೇರು ಗಿಡ್ಡವಿರುವ ಮಗು ಕಬಡ್ಡಿ, ಕ್ರಿಕೆಟ್ ಆಡುವುದಾದರೆ ಹಲ್ಲಿಗೆ ಗಾರ್ಡ್ ಮಾಡಿಸಿಕೊಡಿ, ಆಟ ಬಿಡಿಸಬೇಡಿ.

ಸಣ್ಣ ಹಲ್ಲು, ಇಲ್ಲದ ಹಲ್ಲು: ಪರಿಹಾರ ಏನಿದೆ?

ಎನಾಮಲ್ ತೆಳುವಿರುವ ಹಲ್ಲಿಗೆ ಕ್ಲಿನಿಕ್‌ನಲ್ಲಿ ಫ್ಲೋರೈಡ್ ಲೇಪ ಹಚ್ಚುತ್ತಾರೆ. ದವಡೆ ಹಲ್ಲಿನ ಸಂದುಗಳಿಗೆ ಹುಳುಕು ಇಳಿಯದಂತೆ ಸೀಲಂಟ್ ತುಂಬುತ್ತಾರೆ. ಸಣ್ಣ ಹಲ್ಲನ್ನು ಹಲ್ಲಿನ ಬಣ್ಣದ ಕಾಂಪೋಸಿಟ್‌ನಿಂದ ಕಟ್ಟಿ ದೊಡ್ಡದಾಗಿ ಕಾಣುವಂತೆ ಮಾಡಬಹುದು. ಮುಂದಿನ ಹಲ್ಲಿನ ಅಂಕುಡೊಂಕಿನಿಂದ ಶಾಲೆಯಲ್ಲಿ ಬಾಯಿ ಮುಚ್ಚಿಕೊಂಡು ನಗುವ ಮಗುವಿಗೆ ಇದೊಂದೇ ಕೆಲಸ ಎಷ್ಟೋ ಧೈರ್ಯ ಕೊಡುತ್ತದೆ.

ಹಲ್ಲು ಇಲ್ಲದ ಜಾಗಕ್ಕೆ ಬೆಳೆಯುವ ವಯಸ್ಸಿನಲ್ಲಿ ತೆಗೆದು ಹಾಕುವ ಕಟ್ಟುಹಲ್ಲು ಸಾಕು. ದವಡೆ ಬೆಳೆದಂತೆ ಅದನ್ನು ಬದಲಾಯಿಸುತ್ತಾ ಹೋಗಬೇಕು. ಇಂಪ್ಲಾಂಟ್ ಮಾಡಿಸುವುದಿದ್ದರೆ ದವಡೆಯ ಬೆಳವಣಿಗೆ ನಿಂತ ಮೇಲೆ, ಅಂದರೆ 18 ದಾಟಿದ ಮೇಲೆ ಯೋಚಿಸಬೇಕು. ದವಡೆಗೆ ರೇಡಿಯೇಷನ್ ಆದವರಿಗೆ ಇಂಪ್ಲಾಂಟ್ ಆಗುತ್ತದೆಯೇ ಎಂಬುದನ್ನು ಕ್ಯಾನ್ಸರ್ ವೈದ್ಯರೊಡನೆ ಚರ್ಚಿಸಿಯೇ ನಿರ್ಧರಿಸಬೇಕು. ಆತುರಪಟ್ಟು ದುಬಾರಿ ಚಿಕಿತ್ಸೆಗೆ ಸಾಲ ಮಾಡಬೇಡಿ. ಮಗು ಬೆಳೆಯುತ್ತಿರುವಷ್ಟು ಕಾಲವೂ ಅಗ್ಗದ, ತಾತ್ಕಾಲಿಕ ಪರಿಹಾರವೇ ಸರಿಯಾದ ಪರಿಹಾರ.

ಫ್ಲೋರೈಡ್ ನೀರಿನ ಊರುಗಳಲ್ಲಿ

ನಮ್ಮ ರಾಜ್ಯದಲ್ಲಿ ಒಂದು ವಿಶೇಷ ತೊಡಕಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಚಿತ್ರದುರ್ಗ, ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗಗಳ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಆ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೂ ಬಿಳಿ, ಕಂದು ಕಲೆ ಬೀಳುತ್ತದೆ. ಹೀಗಾಗಿ ಕ್ಯಾನ್ಸರ್ ಚಿಕಿತ್ಸೆ ಪಡೆದ ಮಗುವಿನ ಹಲ್ಲಿನ ಕಲೆಯನ್ನು ‘ನಮ್ಮೂರ ನೀರಿನದ್ದು’ ಎಂದು ತಳ್ಳಿಹಾಕಿಬಿಡುವ ಸಂಭವವಿದೆ. ಅದೇ ನೀರು ಕುಡಿದ ಅಣ್ಣ ತಂಗಿಯರ ಹಲ್ಲಿನ ಜೊತೆ ಹೋಲಿಸಿ ನೋಡಿ. ಗಿಡ್ಡ ಬೇರು, ಹುಟ್ಟದ ಹಲ್ಲು ಫ್ಲೋರೈಡ್‌ನಿಂದ ಆಗುವುದಲ್ಲ, ಆದ್ದರಿಂದ ಎಕ್ಸ್‌ರೇ ಮುಖ್ಯ. ನಿಮ್ಮದು ಇಂಥ ಊರಾಗಿದ್ದರೆ ದಂತವೈದ್ಯರಿಗೆ ಅದನ್ನೂ ಹೇಳಿ, ನೀರಿನ ಫ್ಲೋರೈಡ್ ಎಷ್ಟೆಂದು ತಿಳಿಯದೆ ನುಂಗುವ ಫ್ಲೋರೈಡ್ ಮಾತ್ರೆ ಕೊಡಬೇಡಿ. ಪೇಸ್ಟ್ ಮಾತ್ರ ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಇರಲಿ, ನುಂಗದೆ ಉಗುಳುವುದನ್ನು ಕಲಿಸಿ.

ಹದಿಹರೆಯಕ್ಕೆ ಬಂದಾಗ

ತಲೆ, ಕುತ್ತಿಗೆಗೆ ರೇಡಿಯೇಷನ್ ಆದವರಿಗೆ, ಅಸ್ಥಿಮಜ್ಜೆ ಕಸಿಯ ನಂತರ ಜಿವಿಎಚ್‌ಡಿ ಅನುಭವಿಸಿದವರಿಗೆ ಮುಂದೆ ಬಾಯಿಯ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಇಂಥ ಬಾಯಿಗೆ ಗುಟ್ಕಾ, ತಂಬಾಕು ಹೋಗಲೇಬಾರದು. ಬರೀ ಅಡಿಕೆಯೂ ಬೇಡ. ತಂಬಾಕಿಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿರ್ಧರಿಸಿದೆ. ಅಡಿಕೆ ಬೆಳೆದೇ ಬದುಕುವ ನಮ್ಮ ಮಲೆನಾಡು, ಕರಾವಳಿಯ ಮನೆಗಳಲ್ಲಿ ಹೀಗೆ ಹೇಳುವುದು ಕಷ್ಟ. ಆದರೂ ಒಮ್ಮೆ ಕ್ಯಾನ್ಸರ್ ಗೆದ್ದ ಮಗುವಿನ ಕೈಗೆ ಊಟದ ನಂತರ ಎಲೆಯಡಿಕೆ ಕೊಡಬೇಡಿ. ಬಾಯಲ್ಲಿ ಎರಡು ವಾರ ದಾಟಿದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಕಂಡರೆ ಆರು ತಿಂಗಳ ಸರದಿಗೆ ಕಾಯದೆ ತೋರಿಸಿ.

ಎಲ್ಲಿಗೆ ಹೋಗುವುದು?

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗದ ವೈದ್ಯರನ್ನೇ ಮೊದಲು ಕೇಳಿ, ಯಾವ ದಂತ ವಿಭಾಗಕ್ಕೆ ಚೀಟಿ ಬರೆದುಕೊಡುತ್ತಾರೋ ನೋಡಿ. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಮೈಸೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲೂ ದಂತ ಕಾಲೇಜುಗಳಿವೆ. ಇಂಥ ಕಾಲೇಜುಗಳ ಮಕ್ಕಳ ದಂತ ವಿಭಾಗದಲ್ಲಿ ಎಕ್ಸ್‌ರೇ, ಫಿಲ್ಲಿಂಗ್, ಕ್ಯಾಪ್, ಕ್ಲಿಪ್ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ, ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಶಾಲೆ, ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ನೋಡುವ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ಅವರಿಗೆ ಮಗುವಿನ ಹಿಂದಿನ ಚಿಕಿತ್ಸೆಯನ್ನು ತಿಳಿಸಿದರೆ ಮುಂದಿನ ಆಸ್ಪತ್ರೆಗೆ ಕಳುಹಿಸಲು ನೆರವಾಗುತ್ತಾರೆ.

ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಮಕ್ಕಳಿಗೆ ಚಿಕಿತ್ಸೆ ಮಾಡಿಸಿವೆ. ಚಿಕಿತ್ಸೆ ಮುಗಿದವರನ್ನು ವರ್ಷಗಟ್ಟಲೆ ಗಮನಿಸುವುದಕ್ಕೆಂದೇ ಅಲ್ಲಿ 1991ರಿಂದ ‘ಆಕ್ಟ್ ಕ್ಲಿನಿಕ್’ ನಡೆಯುತ್ತಿದೆ. ಊರಿಗೆ ಮರಳಿದ ಮೇಲೆ ಅದರ ಸಂಪರ್ಕ ಕಡಿದುಕೊಳ್ಳಬೇಡಿ. ಹಲ್ಲಿನ ದಿನನಿತ್ಯದ ಆರೈಕೆಯನ್ನು ಹತ್ತಿರದ ದಂತ ಕಾಲೇಜಿನಲ್ಲಿ ಮಾಡಿಸಿ, ವಾರ್ಷಿಕ ಭೇಟಿಯಲ್ಲಿ ಆ ಕಾಗದಗಳನ್ನು ಅಲ್ಲಿ ತೋರಿಸಿ.

ಹೆತ್ತವರ ಇನ್ನೂ ಕೆಲವು ಪ್ರಶ್ನೆಗಳು

ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಹಲ್ಲು ಸರಿಯಾಗುತ್ತದೆಯೇ?
ಕಟ್ಟಿ ಮುಗಿದ ಹಲ್ಲಿನ ಆಕಾರ, ಬೇರಿನ ಉದ್ದ ಯಾವ ಮಾತ್ರೆಯಿಂದಲೂ ಬದಲಾಗದು. ಮೂಳೆಗಾಗಿ ವೈದ್ಯರು ಕ್ಯಾಲ್ಸಿಯಂ ಬರೆದುಕೊಟ್ಟಿದ್ದರೆ ಅದನ್ನು ತಪ್ಪದೆ ಕೊಡಿ.

ಹಾಲುಹಲ್ಲು ಚೆನ್ನಾಗಿದೆ, ಹಾಗಾದರೆ ಶಾಶ್ವತ ಹಲ್ಲೂ ಚೆನ್ನಾಗಿಯೇ ಬರುತ್ತದಲ್ಲವೇ?
ಹಾಲುಹಲ್ಲುಗಳ ಮೇಲ್ಭಾಗ ಒಂದು ವರ್ಷದೊಳಗೇ ಕಟ್ಟಿ ಮುಗಿದಿರುತ್ತದೆ. ಆಮೇಲೆ ನಡೆದ ಚಿಕಿತ್ಸೆಯ ಗುರುತು ಅವುಗಳಲ್ಲಿ ಕಾಣದು. ಶಾಶ್ವತ ಹಲ್ಲಿನ ಸ್ಥಿತಿ ತಿಳಿಯಬೇಕಾದರೆ ಓಪಿಜಿಯೇ ಬೇಕು.

ಹನ್ನೊಂದು ವರ್ಷವಾದರೂ ಕೋರೆಹಲ್ಲು ಬಂದಿಲ್ಲ, ಕಾಯಬೇಕೇ?
ಮೇಲಿನ ಕೋರೆಹಲ್ಲು ಎಲ್ಲ ಮಕ್ಕಳಿಗೂ 11–12ಕ್ಕೆ ಬರುವಂಥದ್ದು. ಈ ಮಕ್ಕಳಲ್ಲಿ ಇನ್ನೂ ತಡವಾಗಬಹುದು. ಎಕ್ಸ್‌ರೇಯಲ್ಲಿ ಹಲ್ಲು ಸರಿಯಾದ ದಿಕ್ಕಿನಲ್ಲಿ ಇದೆಯೆಂದು ದಂತವೈದ್ಯರು ಹೇಳಿದರೆ ನೆಮ್ಮದಿಯಿಂದ ಕಾಯಿರಿ.

ನಮ್ಮ ಮಗಳಿಗೆ ಮುಂದೆ ಹುಟ್ಟುವ ಮಕ್ಕಳಿಗೂ ಹೀಗಾಗುತ್ತದೆಯೇ?
ಇಲ್ಲ. ಚಿಕಿತ್ಸೆಯಿಂದ ಹಲ್ಲಿಗೆ ಆದ ವ್ಯತ್ಯಾಸ ವಂಶಪಾರಂಪರ್ಯವಾಗಿ ಹರಿಯುವಂಥದ್ದಲ್ಲ.

ಓದಿ ಮುಗಿಸಿದ ಮೇಲೆ ಮೂರು ಕೆಲಸ ಮಾಡಿ. ಹಳೆಯ ಫೈಲ್ ತೆಗೆದು ಚಿಕಿತ್ಸೆಯ ಸಾರಾಂಶ ಇದೆಯೇ ನೋಡಿ, ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿ ಬರೆಸಿಕೊಳ್ಳಿ. ಮಗುವಿಗೆ ಐದಾರು ವರ್ಷವಾಗಿದ್ದು ಓಪಿಜಿ ತೆಗೆಸಿಲ್ಲವಾದರೆ ದಂತವೈದ್ಯರನ್ನು ಕಂಡು ಆ ಬಗ್ಗೆ ಕೇಳಿ. ಮಗುವಿಗೆ ತಿಳಿವಳಿಕೆ ಬಂದಿದ್ದರೆ ತನ್ನ ಹಲ್ಲು ಯಾಕೆ ಹೀಗಿದೆ ಎಂಬುದನ್ನು ಅದಕ್ಕೆ ಬಿಡಿಸಿ ಹೇಳಿ. ತನ್ನ ಕಾಯಿಲೆಯ ಚರಿತ್ರೆ ತನಗೇ ಗೊತ್ತಿರುವ ಮಗು ನಾಳೆ ದೊಡ್ಡದಾಗಿ ಬೇರೆ ಊರು, ಬೇರೆ ದೇಶಕ್ಕೆ ಹೋದರೂ ಅಲ್ಲಿನ ವೈದ್ಯರಿಗೆ ಸರಿಯಾದ ವಿವರ ಕೊಟ್ಟು ತನ್ನ ಬಾಯಿಯನ್ನು ತಾನೇ ಕಾಪಾಡಿಕೊಳ್ಳಬಲ್ಲದು.